ಲೈನು ಎಳೆದವರೇ ಕಾರ್ಖಾನೆ ಕರೆದರು

ಬ್ರಾಂಡೆನ್‌ಬರ್ಗ್ ಎಂಬುದು ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಒಹಾಯೊ ನದಿಯ ದಂಡೆಗೆ ಇರುವ ಊರು. ಜನಸಂಖ್ಯೆ ಮೂರು ಸಾವಿರದ ಆಸುಪಾಸು. ನಮ್ಮ ಕಡೆ ಇಷ್ಟು ಜನ ಒಂದು ದೊಡ್ಡ ಹಳ್ಳಿಯಲ್ಲೇ ಸಿಗುತ್ತಾರೆ. ಅಲ್ಲಿ ಅದು ಮೀಡ್ ಕೌಂಟಿಯ ಆಡಳಿತ ಕೇಂದ್ರ. ಸುತ್ತ ಮೆಕ್ಕೆಜೋಳ, ಸೋಯಾ, ಹೊಗೆಸೊಪ್ಪು, ದನ. ಪಕ್ಕದಲ್ಲೇ ಫೋರ್ಟ್ ನಾಕ್ಸ್ ಸೇನಾ ನೆಲೆ ಇರುವುದರಿಂದ ನಿವೃತ್ತ ಸೈನಿಕರ ಮನೆಗಳೂ ಸಾಕಷ್ಟಿವೆ. 2019ರಲ್ಲಿ ನ್ಯೂಕೋರ್ ಎಂಬ ಉಕ್ಕಿನ ಕಂಪನಿ ತನ್ನ ಹೊಸ ಕಾರ್ಖಾನೆಗೆ ಈ ಊರನ್ನು ಆರಿಸಿತು. ಹೂಡಿಕೆ ಕೊನೆಗೆ 170 ಕೋಟಿ ಡಾಲರ್ ಮುಟ್ಟಿತು. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಹಡಗು, ಸೇತುವೆ, ಗಾಳಿಯಂತ್ರದ ಕಂಬಗಳಿಗೆ ಬೇಕಾದ ದಪ್ಪ ಉಕ್ಕಿನ ಪ್ಲೇಟು ಮಾಡುವ ಕಾರ್ಖಾನೆ ಅದು. ವರ್ಷಕ್ಕೆ 12 ಲಕ್ಷ ಟನ್ ಅದರ ಸಾಮರ್ಥ್ಯ. ಮೊದಲ ಪ್ಲೇಟು ಹೊರಬಂದದ್ದು 2022ರ ಕೊನೆಯಲ್ಲಿ.

ಉಕ್ಕಿಗೆ ನದಿ ಬೇಕು, ರೈಲು ಬೇಕು, ಗುಜರಿ ಬೇಕು. ಅವೆಲ್ಲ ಅಲ್ಲಿದ್ದವು ಅನ್ನಿ. ಆದರೆ ವಿದ್ಯುತ್ ಕುಲುಮೆಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಕರೆಂಟು. ಅದನ್ನು ಕೊಡುವುದು ಯಾವುದೋ ದೊಡ್ಡ ಖಾಸಗಿ ಕಂಪನಿಯೂ ಅಲ್ಲ, ಸರ್ಕಾರವೂ ಅಲ್ಲ. ಮೀಡ್ ಕೌಂಟಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಮನೆಗೆ ಮೀಟರ್ ಹಾಕಿಸಿಕೊಂಡವರೆಲ್ಲ ಅದರ ಸದಸ್ಯರು, ಸದಸ್ಯರೇ ಅದರ ಮಾಲೀಕರು. ನಮ್ಮ ಹಾಲಿನ ಸೊಸೈಟಿಯಂತೆಯೇ ಒಬ್ಬರಿಗೆ ಒಂದು ಓಟು, ವರ್ಷಕ್ಕೊಂದು ಮಹಾಸಭೆ, ಚುನಾಯಿತ ಆಡಳಿತ ಮಂಡಳಿ. ದನ ಕಟ್ಟುವ ರೈತನೂ ಸಾವಿರಾರು ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಯೂ ಒಂದೇ ಸಂಘದ ಗ್ರಾಹಕರು.

ಇಂಥ ಸಂಘಗಳು ಅಮೆರಿಕದಲ್ಲಿ ಸುಮಾರು 900 ಇವೆ. ನಾಲ್ಕು ಕೋಟಿಗೂ ಹೆಚ್ಚು ಜನರಿಗೆ ಕರೆಂಟು ಕೊಡುತ್ತವೆ. ದೇಶದ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಅವುಗಳ ವ್ಯಾಪ್ತಿಯಲ್ಲಿದೆ. ಬಂಡವಾಳಶಾಹಿಯ ತವರಿನಲ್ಲಿ ಹಳ್ಳಿಯ ಕರೆಂಟು ಸಹಕಾರ ತತ್ವದ ಮೇಲೆ ನಿಂತಿದೆ ಎಂಬುದು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸಹಕಾರ ಎಂದರೆ ಸಾಲ, ಸಕ್ಕರೆ, ಹಾಲು ಎಂದೇ ನಮಗೆ ರೂಢಿ.

ರೂಸ್‌ವೆಲ್ಟರ ಕರೆಂಟ್ ಬಿಲ್ಲು

1930ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಪಟ್ಟಣಗಳು ದೀಪಗಳಿಂದ ಝಗಮಗಿಸುತ್ತಿದ್ದರೆ, ಹತ್ತು ರೈತ ಮನೆಗಳಲ್ಲಿ ಒಂಬತ್ತರಲ್ಲಿ ಸೀಮೆಎಣ್ಣೆಯ ಬುಡ್ಡಿಯೇ ಗತಿ. ಖಾಸಗಿ ಕಂಪನಿಗಳ ಲೆಕ್ಕ ಸರಳವಾಗಿತ್ತು: ಒಂದು ಮೈಲಿ ಲೈನು ಎಳೆಯಲು ಸಾವಿರದೈನೂರು, ಎರಡು ಸಾವಿರ ಡಾಲರ್ ಖರ್ಚು, ಆ ಮೈಲಿಯಲ್ಲಿ ಸಿಗುವುದು ನಾಲ್ಕು ಮನೆ, ಅವರು ಉರಿಸುವುದು ಎರಡು ಬಲ್ಬು. ಯಾರು ಹೋಗುತ್ತಾರೆ?

ಫ್ರಾಂಕ್ಲಿನ್ ರೂಸ್‌ವೆಲ್ಟ್ ಪೋಲಿಯೊ ಚಿಕಿತ್ಸೆಗೆಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್ ಎಂಬ ಹಳ್ಳಿಗೆ ಹೋಗಿ ಬಂದು ಮಾಡುತ್ತಿದ್ದರು. ಅಲ್ಲಿನ ಅವರ ಪುಟ್ಟ ಮನೆಗೆ ಬಂದ ಕರೆಂಟ್ ಬಿಲ್ಲಿನಲ್ಲಿ ಯುನಿಟ್ಟಿಗೆ 18 ಸೆಂಟ್ ಬರೆದಿತ್ತಂತೆ. ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನ ತಮ್ಮ ಮನೆಗೆ ಕೊಡುತ್ತಿದ್ದುದರ ಸುಮಾರು ನಾಲ್ಕು ಪಟ್ಟು. 1938ರ ಆಗಸ್ಟ್ 11ರಂದು ಜಾರ್ಜಿಯಾದ ಬಾರ್ನ್ಸ್‌ವಿಲ್‌ನಲ್ಲಿ ವಿದ್ಯುತ್ ಸಹಕಾರ ಸಂಘವೊಂದನ್ನು ಉದ್ಘಾಟಿಸುತ್ತ ಅವರೇ ಹೇಳಿದ ಮಾತಿದು. ಹಳ್ಳಿಗೆ ಕರೆಂಟು ಒಯ್ಯುವ ಯೋಚನೆ ಹುಟ್ಟಿದ್ದೇ ಆ ಬಿಲ್ಲಿನಿಂದ ಎಂದರು. ರಾಜಕಾರಣಿಯ ಮಾತು, ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಹಳ್ಳಿಯವನ ಯುನಿಟ್ಟು ಪೇಟೆಯವನ ಯುನಿಟ್ಟಿಗಿಂತ ದುಬಾರಿ ಎಂಬುದಂತೂ ದಿಟ.

1935ರಲ್ಲಿ ಅವರು ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು. ಮರುವರ್ಷ ಅದಕ್ಕೆ ಕಾಯ್ದೆಯ ಬಲ ಬಂತು. ಸರ್ಕಾರ ಕಡಿಮೆ ಬಡ್ಡಿಗೆ ಸಾಲ ಕೊಡಲು ಮುಂದಾದರೂ ಖಾಸಗಿ ಕಂಪನಿಗಳು ಆಸಕ್ತಿ ತೋರಲಿಲ್ಲ. ಮುಂದೆ ಬಂದವರು ರೈತರು. ತಲೆಗೆ 5 ಡಾಲರ್ ಸದಸ್ಯತ್ವ ಶುಲ್ಕ ಕಟ್ಟಿ, ಮನೆಮನೆ ಅಲೆದು ಸಹಿ ಹಾಕಿಸಿ, ತಮ್ಮ ಹೊಲದಲ್ಲಿ ಕಂಬ ನೆಡಲು ಜಾಗ ಬಿಟ್ಟುಕೊಟ್ಟರು. ಕಂಬಗಳ ಅಂತರ ಹೆಚ್ಚಿಸಿ, ಎಲ್ಲೆಡೆ ಒಂದೇ ಮಾದರಿಯ ಸಾಮಾನು ಬಳಸಿ, ಮೈಲಿಗೆ ಸಾವಿರ ಡಾಲರ್‌ಗಿಂತ ಕಡಿಮೆಯಲ್ಲಿ ಲೈನು ಎಳೆದು ತೋರಿಸಿದರು. 1950ರ ದಶಕದ ನಡುವಿನ ಹೊತ್ತಿಗೆ ಲೆಕ್ಕ ತಿರುವುಮುರುವಾಗಿ ಹತ್ತರಲ್ಲಿ ಒಂಬತ್ತು ರೈತ ಮನೆಗಳಲ್ಲಿ ದೀಪವಿತ್ತು.

ವಿಪರ್ಯಾಸವೆಂದರೆ, ಲೈನು ಬರುವ ಹೊತ್ತಿಗೇ ಜನ ಊರು ಬಿಡತೊಡಗಿದರು. ಟ್ರ್ಯಾಕ್ಟರ್ ಬಂತು, ಸಣ್ಣ ಹಿಡುವಳಿಗಳು ದೊಡ್ಡವರ ಪಾಲಾದವು, ಮಕ್ಕಳು ಪೇಟೆ ಸೇರಿದರು. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಸರ್ಕಾರದ ಸಾಲ ಎಲ್ಲ ಅಲ್ಲೇ ಉಳಿದವು. ಬಿಲ್ ಕಟ್ಟುವವರು ಕಡಿಮೆಯಾದರು. ಇವತ್ತಿಗೂ ಈ ಸಂಘಗಳಿಗೆ ಒಂದು ಮೈಲಿ ಲೈನಿಗೆ ಸರಾಸರಿ ಸಿಗುವುದು 8 ಗ್ರಾಹಕರು. ಖಾಸಗಿ ಕಂಪನಿಗಳಿಗೆ 30ಕ್ಕೂ ಹೆಚ್ಚು. ಸಂಘದ ಕಚೇರಿಯವರು ಕಾರ್ಖಾನೆ ಹುಡುಕಿಕೊಂಡು ಹೊರಟದ್ದು ಊರಿನ ಮೇಲಿನ ಮಮತೆಯಿಂದ ಮಾತ್ರವಲ್ಲ. ಕಾರ್ಖಾನೆ ಬರದಿದ್ದರೆ ಲೈನಿನ ಸಾಲ ತೀರುವುದಿಲ್ಲ.

ಲೋಡಿನ ಲೆಕ್ಕ

ಹಳ್ಳಿಯ ಲೈನಿನ ಮೇಲೆ ಹೊರೆ ಬೀಳುವುದು ಬೆಳಗ್ಗೆ ಎರಡು ತಾಸು, ಸಂಜೆ ಮೂರು ತಾಸು. ಉಳಿದ ಹೊತ್ತು ಅದು ಶಾಲೆ ಬಿಡುವಾಗ ಮಾತ್ರ ತುಂಬುವ ಬಸ್ಸಿನಂತೆ ಖಾಲಿ ಓಡುತ್ತದೆ. ಖಾಲಿ ಓಡಿದರೂ ಸಾಲದ ಕಂತು, ಕಂಬದ ರಿಪೇರಿ, ಲೈನ್‌ಮನ್ ಸಂಬಳ ನಿಲ್ಲುವುದಿಲ್ಲ. ಮೂರು ಪಾಳಿಯಲ್ಲಿ ನಡೆಯುವ ಒಂದು ಕಾರ್ಖಾನೆ ಆ ಲೈನಿಗೆ ಸಿಕ್ಕರೆ ರಾತ್ರಿ ಎರಡು ಗಂಟೆಗೂ ಮೀಟರ್ ತಿರುಗುತ್ತದೆ. ಅದೇ ಸ್ಥಿರ ವೆಚ್ಚ ಹೆಚ್ಚು ಯುನಿಟ್ಟುಗಳ ಮೇಲೆ ಹಂಚಿಹೋಗಿ ಮನೆಯವರ ದರದ ಏರಿಕೆಯೂ ತಗ್ಗುತ್ತದೆ. ಸಂಘಕ್ಕೆ ಉಳಿತಾಯವಾದರೆ ಅದು ಪಾಲುದಾರರಿಗೆ ಲಾಭಾಂಶವಾಗಿ ಹೊರಗೆಲ್ಲೋ ಹೋಗುವುದಿಲ್ಲ. ಬಳಸಿದ ಕರೆಂಟಿಗೆ ತಕ್ಕಂತೆ ಸದಸ್ಯರ ಖಾತೆಗೆ ಬರೆಯಲಾಗುತ್ತದೆ, ಕೆಲವು ವರ್ಷಗಳ ನಂತರ ಚೆಕ್ಕಾಗಿ ಕೈಸೇರುತ್ತದೆ.

ಕರೆಂಟು ಅಗ್ಗ ಎಂದು ಬೋರ್ಡು ಹಾಕಿದ ಮಾತ್ರಕ್ಕೆ ಕಾರ್ಖಾನೆ ಬರುವುದಿಲ್ಲ. ಜಾಗ ನೋಡಲು ಬರುವ ಕಂಪನಿಯ ಪ್ರತಿನಿಧಿಗಳು ಮೊದಲು ಕೇಳುವುದು ದಿನಾಂಕ: ಇಷ್ಟು ಮೆಗಾವಾಟ್ ಯಾವ ತಿಂಗಳಿಗೆ ಕೊಡುತ್ತೀರಿ? ಸಬ್‌ಸ್ಟೇಷನ್ ಇಲ್ಲದ ಕಡೆ ಹೊಸದು ಕಟ್ಟಿ, ದೊಡ್ಡ ಟ್ರಾನ್ಸ್‌ಫಾರ್ಮರ್ ತರಿಸಿ ಮುಗಿಸುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ. ಅದಕ್ಕೇ ಹಲವು ಸಂಘಗಳು, ಅವುಗಳಿಗೆ ಕರೆಂಟು ಉತ್ಪಾದಿಸಿ ಕೊಡುವ ಒಕ್ಕೂಟಗಳು, ಗಿರಾಕಿ ಬರುವ ಮೊದಲೇ ಕೆಲಸ ಶುರು ಮಾಡುತ್ತವೆ. ಹೊಲವನ್ನು ಗುರುತಿಸಿ ಮಾಲೀಕರೊಡನೆ ಕ್ರಯದ ಕರಾರು, ಮಣ್ಣಿನ ಪರೀಕ್ಷೆ, ಹಳೆಯ ಸ್ಮಶಾನ, ಜೌಗು ಭೂಮಿ ಇದೆಯೇ ಎಂಬ ತಪಾಸಣೆ, ಖಾತೆ-ದಸ್ತಾವೇಜುಗಳ ಶೋಧ ಎಲ್ಲ ಮುಗಿಸಿ, ಇಲ್ಲಿ ನಾಳೆಯೇ ಪಾಯ ತೋಡಬಹುದು ಎಂಬ ಪ್ರಮಾಣಪತ್ರ ಹಿಡಿದು ಕೂರುತ್ತವೆ. ದಕ್ಷಿಣದ ಟೆನೆಸಿ ಕಣಿವೆ ಪ್ರಾಧಿಕಾರ 2004ರಲ್ಲಿ ಆರಂಭಿಸಿದ ದೊಡ್ಡ ನಿವೇಶನಗಳ ಯೋಜನೆ ಇದೇ ಬಗೆಯದು. ಮಿಸಿಸಿಪ್ಪಿಯ ಬ್ಲೂ ಸ್ಪ್ರಿಂಗ್ಸ್ ಎಂಬ ಹಳ್ಳಿಯ ಬಳಿ ಮೂರು ಕೌಂಟಿಗಳು ಒಟ್ಟಾಗಿ ಸಜ್ಜು ಮಾಡಿದ ಅಂಥ ಒಂದು ಜಾಗಕ್ಕೆ 2007ರಲ್ಲಿ ಟೊಯೊಟಾ ಬಂತು; 2011ರಲ್ಲಿ ಕೊರೊಲಾ ಕಾರು ಹೊರಬಿತ್ತು.

ಕೆಲವು ಸಂಘಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರಿಗೆಂದು ಗೊತ್ತಿಲ್ಲದೆಯೇ ಖಾಲಿ ಶೆಡ್ಡು ಕಟ್ಟಿಸಲು ನೆರವಾಗುತ್ತವೆ. ಇದಕ್ಕೆ ಹಣದ ದಾರಿಯೂ ಇದೆ: ಕೇಂದ್ರ ಕೃಷಿ ಇಲಾಖೆ ಗ್ರಾಮೀಣ ವಿದ್ಯುತ್ ಸಂಘಗಳಿಗೆ ಶೂನ್ಯ ಬಡ್ಡಿಯಲ್ಲಿ ಸಾಲ ಕೊಡುತ್ತದೆ, ಸಂಘ ಅದನ್ನು ಊರಿನ ಉದ್ಯಮಕ್ಕೋ ಆಸ್ಪತ್ರೆಗೋ ದಾಟಿಸುತ್ತದೆ. ಸಾಲ ಮುಳುಗಿದರೆ ಹೊಣೆ ಸಂಘದ್ದು. ಹೀಗಾಗಿ ಸಾಲ ಕೇಳುವವನ ಜಾತಕವನ್ನು ಅವರು ಸರಿಯಾಗಿಯೇ ನೋಡುತ್ತಾರೆ.

ಜಾರ್ಜಿಯಾ ರಾಜ್ಯದಲ್ಲಿ ಈ ಆಟಕ್ಕೆ ಇನ್ನೊಂದು ರುಚಿ ಇದೆ. 1973ರ ಕಾಯ್ದೆಯ ಪ್ರಕಾರ 900 ಕಿಲೋವಾಟ್‌ಗಿಂತ ಹೆಚ್ಚು ಲೋಡಿನ ಹೊಸ ಗ್ರಾಹಕ ತನ್ನ ಕರೆಂಟು ಯಾರಿಂದ ಎಂಬುದನ್ನು ಒಂದು ಸಲ ಆರಿಸಿಕೊಳ್ಳಬಹುದು: ಖಾಸಗಿ ಕಂಪನಿಯೋ, ಪುರಸಭೆಯೋ, ಸಹಕಾರ ಸಂಘವೋ. ಆಮೇಲೆ ಬದಲಿಸುವಂತಿಲ್ಲ. ಆ ಒಂದು ಸಲದ ಆಯ್ಕೆಗಾಗಿ ಮೂವರೂ ದರ, ಲೈನು, ಸೇವೆ ಎಲ್ಲದರಲ್ಲೂ ಪೈಪೋಟಿಗೆ ಬೀಳುತ್ತಾರೆ. ಹಳ್ಳಿಯ ಸಂಘ ದೈತ್ಯ ಕಂಪನಿಯ ಎದುರು ಗೆಲ್ಲುವುದೂ ಉಂಟು. ಯಾಕೆಂದರೆ ಅಲ್ಲಿ ಹೂಂ ಅನ್ನಬೇಕಾದ ಮಂಡಳಿ ಅದೇ ಊರಿನಲ್ಲಿ ಕೂತಿರುತ್ತದೆ.

ಉತ್ತರ ಡಕೋಟಾದ ಅಂಡರ್‌ವುಡ್ ಬಳಿಯ ಉದಾಹರಣೆ ನನಗೆ ಹೆಚ್ಚು ಇಷ್ಟ. ಅಲ್ಲಿ ಸಹಕಾರಿ ಒಕ್ಕೂಟವೊಂದರ ಕಲ್ಲಿದ್ದಲು ವಿದ್ಯುತ್ ಸ್ಥಾವರವಿತ್ತು. 2007ರಲ್ಲಿ ಅದರ ಮಗ್ಗುಲಲ್ಲೇ ಬ್ಲೂ ಫ್ಲಿಂಟ್ ಎಂಬ ಎಥನಾಲ್ ಕಾರ್ಖಾನೆ ಎದ್ದಿತು. ಸ್ಥಾವರದ ಉಗಿಯೇ ಮೆಕ್ಕೆಜೋಳ ಬೇಯಿಸುವ ಇಂಧನವಾಯಿತು, ಬಾಯ್ಲರ್ ಬೇಕಾಗಲಿಲ್ಲ. ಸುತ್ತಲಿನ ರೈತರ ಮೆಕ್ಕೆಜೋಳಕ್ಕೆ ಹತ್ತಿರದಲ್ಲೇ ಒಬ್ಬ ಕೊಳ್ಳುವವನು ಸಿಕ್ಕಿದ. 2022ರಲ್ಲಿ ಒಕ್ಕೂಟ ಆ ಸ್ಥಾವರವನ್ನು ಬೇರೆಯವರಿಗೆ ಮಾರಿಬಿಟ್ಟಿತು, ಅದು ಬೇರೆ ಕಥೆ.

ಎರಡು ಗಿರಾಕಿಗಳ ಭಾರ

ಮತ್ತೆ ಕೆಂಟಕಿಗೆ ಬರೋಣ. ಮೀಡ್ ಕೌಂಟಿ ಸಂಘ ತಾನೇ ಕರೆಂಟು ಉತ್ಪಾದಿಸುವುದಿಲ್ಲ. ಪಶ್ಚಿಮ ಕೆಂಟಕಿಯ ಮೂರು ವಿತರಣಾ ಸಂಘಗಳು ಸೇರಿ ಕಟ್ಟಿಕೊಂಡ ಬಿಗ್ ರಿವರ್ಸ್ ಎಂಬ ಒಕ್ಕೂಟ ಅವಕ್ಕೆ ಕರೆಂಟು ಒದಗಿಸುತ್ತದೆ. ಈ ಒಕ್ಕೂಟದ ಚರಿತ್ರೆ ಓದಿದರೆ ಕಾರ್ಖಾನೆ ಬಂತು, ಊರು ಉದ್ಧಾರವಾಯಿತು ಎಂದು ಬರೆಯಲು ಯಾರಿಗೂ ಕೈ ಬರುವುದಿಲ್ಲ.

ಒಹಾಯೊ ನದಿಯ ದಂಡೆಯ ಹಾಸ್‌ವಿಲ್‌ನಲ್ಲೂ, ಅಲ್ಲಿಂದ ಪಶ್ಚಿಮಕ್ಕಿರುವ ಸೀಬ್ರಿಯಲ್ಲೂ ಎರಡು ಅಲ್ಯೂಮಿನಿಯಂ ಕಾರ್ಖಾನೆಗಳು 1970ರ ಆಸುಪಾಸಿನಲ್ಲಿ ಬಂದವು. ಅಲ್ಯೂಮಿನಿಯಂ ಎಂದರೆ ಬಹುಪಾಲು ಗಟ್ಟಿಯಾದ ಕರೆಂಟೇ ಸರಿ. ಒಂದು ಟನ್ ಲೋಹಕ್ಕೆ ಸುಮಾರು 14,000 ಯುನಿಟ್ ಬೇಕು. ನಮ್ಮ ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಅಲ್ಲಿನ ಹಳೆಯ ಇಂಡಾಲ್ ಕಾರ್ಖಾನೆಯಲ್ಲಿ ಹಿಂದೆ ಲೋಹವೂ ತಯಾರಾಗುತ್ತಿತ್ತು, ಈಗ ಅಲ್ಯೂಮಿನಾ ಪುಡಿ ಮಾತ್ರ. ಕೆಂಟಕಿಯ ಈ ಎರಡು ಕಾರ್ಖಾನೆಗಳು ಸೇರಿ ಬಿಗ್ ರಿವರ್ಸ್‌ನ ಒಟ್ಟು ಲೋಡಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ನುಂಗುತ್ತಿದ್ದವು. ಸಾವಿರಾರು ರೈತ ಮನೆಗಳು ಒಂದು ಕಡೆ, ಇಬ್ಬರು ಗಿರಾಕಿಗಳು ಇನ್ನೊಂದು ಕಡೆ. ತಕ್ಕಡಿ ವಾಲಿದ್ದು ಗಿರಾಕಿಗಳ ಕಡೆಗೆ.

ಬೇಡಿಕೆ ಇನ್ನೂ ಏರುತ್ತದೆಂದು ನಂಬಿ ಒಕ್ಕೂಟ 1980ರ ದಶಕದಲ್ಲಿ ವಿಲ್ಸನ್ ಎಂಬ ದೊಡ್ಡ ಕಲ್ಲಿದ್ದಲು ಸ್ಥಾವರ ಕಟ್ಟಿತು. ಬೇಡಿಕೆ ಏರಲಿಲ್ಲ, ಸಾಲ ಏರಿತು. 1996ರಲ್ಲಿ ಬಿಗ್ ರಿವರ್ಸ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ತನ್ನ ಸ್ಥಾವರಗಳನ್ನೇ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟು, 2009ರಲ್ಲಿ ಮತ್ತೆ ಕೈಗೆ ತೆಗೆದುಕೊಂಡಿತು. ಇನ್ನೇನು ಸುಧಾರಿಸಿತು ಎನ್ನುವಾಗ, 2012ರಲ್ಲಿ ಹಾಸ್‌ವಿಲ್ ಕಾರ್ಖಾನೆ ಒಂದು ವರ್ಷದ ನೋಟಿಸು ಕೊಟ್ಟಿತು: ನಿಮ್ಮ ಕರೆಂಟು ದುಬಾರಿ, ನಮಗೆ ಬೇಡ. 2013ರ ಆರಂಭದಲ್ಲಿ ಸೀಬ್ರಿಯವರೂ ಅದನ್ನೇ ಹೇಳಿದರು. ಅವರಿಗೆ ಸಗಟು ಮಾರುಕಟ್ಟೆಯಿಂದ ಕರೆಂಟು ಕೊಳ್ಳಲು ದಾರಿ ಮಾಡಿಕೊಡಲಾಯಿತು. ಅವರಿಗಾಗಿ ನಿಂತಿದ್ದ ಸ್ಥಾವರಗಳ ಖರ್ಚು ಯಾರ ತಲೆಗೆ? ಉಳಿದ ಸದಸ್ಯರ ತಲೆಗೆ. ದರ ಏರಿತು. ಕೂಡಿಟ್ಟಿದ್ದ ಮೀಸಲು ನಿಧಿ ಕರಗಿಸಿ ಪೆಟ್ಟನ್ನು ಒಂದಷ್ಟು ದಿನ ತಡೆದರು, ಕೋಲ್‌ಮನ್ ಎಂಬ ಸ್ಥಾವರವನ್ನು ನಿಲ್ಲಿಸಿದರು.

ಕಾರ್ಖಾನೆಯೂ ಸುಖವಾಗಿರಲಿಲ್ಲ. ಮಾರುಕಟ್ಟೆಯ ಕರೆಂಟು ಅಗ್ಗವಿದ್ದಷ್ಟು ದಿನ ಎಲ್ಲ ಸಲೀಸು. 2022ರಲ್ಲಿ ಉಕ್ರೇನ್ ಯುದ್ಧದ ಬಿಸಿಗೆ ಇಂಧನದ ಬೆಲೆ ಜಿಗಿದಾಗ ಹಾಸ್‌ವಿಲ್ ಕಾರ್ಖಾನೆ ಜೂನ್‌ನಲ್ಲಿ ಬಾಗಿಲು ಹಾಕುವ ಘೋಷಣೆ ಮಾಡಿತು, ತಾತ್ಕಾಲಿಕ ಎಂದರು. ಸುಮಾರು 600 ಮಂದಿಯ ಕೆಲಸ ಹೋಯಿತು. ಅದೇ ವರ್ಷದ ಕೊನೆಯಲ್ಲಿ, ಅದೇ ನದಿಯ ಮೇಲ್ದಂಡೆಯ ಬ್ರಾಂಡೆನ್‌ಬರ್ಗ್‌ನಲ್ಲಿ ನ್ಯೂಕೋರ್‌ನ ಮೊದಲ ಪ್ಲೇಟು ಹೊರಬಂತು.

ಬಿಗ್ ರಿವರ್ಸ್ ಸದಸ್ಯರ ತಲೆಗೆ ಬಂದದ್ದನ್ನು ಕೇವಲ ದುರದೃಷ್ಟ ಎನ್ನಲಾಗದು. ಖಾಸಗಿ ಕಂಪನಿಯ ದೊಡ್ಡ ಗಿರಾಕಿ ಎದ್ದುಹೋದರೆ ಪೆಟ್ಟು ಮೊದಲು ತಾಗುವುದು ಎಲ್ಲೋ ಇರುವ ಷೇರುದಾರರಿಗೆ. ಸಹಕಾರ ಸಂಘದಲ್ಲಿ ಷೇರುದಾರ ಎಂದರೆ ಬಿಲ್ಲು ಕಟ್ಟುವ ಮುದುಕಿಯೇ. ಲಾಭ ಬಂದಾಗ ಅವಳ ಖಾತೆಗೆ ಬರುತ್ತದೆ ಎಂದು ಹೊಗಳಿದವರು, ನಷ್ಟ ಬಂದಾಗ ಯಾರ ಖಾತೆಗೆ ಎಂಬುದನ್ನೂ ಹೇಳಬೇಕು. ದೊಡ್ಡ ಗಿರಾಕಿಯಿಂದ ಮುಂಗಡ ಠೇವಣಿ, ಅವನಿಗಾಗಿಯೇ ಕಟ್ಟಿದ ಸಬ್‌ಸ್ಟೇಷನ್‌ನ ಖರ್ಚು, ಬಿಟ್ಟುಹೋದರೆ ತೆರಬೇಕಾದ ದಂಡ, ಕನಿಷ್ಠ ಬಳಕೆಯ ಕರಾರು ಇವೆಲ್ಲ ಈಗ ಗುತ್ತಿಗೆ ಪತ್ರದ ಮೊದಲ ಪುಟಕ್ಕೇ ಬರಬೇಕಾದವು.

ಡೇಟಾ ಸೆಂಟರ್‌ಗಳ ಈ ಕಾಲದಲ್ಲಂತೂ ಇದು ಇನ್ನೂ ಮುಖ್ಯ. ಉತ್ತರ ವರ್ಜೀನಿಯಾದ ನೋವೆಕ್ ಸಹಕಾರ ಸಂಘ ಮಾರುವ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಡೇಟಾ ಸೆಂಟರ್‌ಗಳಿಗೇ ಹೋಗುತ್ತದೆ. ಅಲ್ಯೂಮಿನಿಯಂ ಕಾರ್ಖಾನೆ ಕರೆಂಟು ನುಂಗಿದರೂ ನೂರಾರು ಜನರಿಗೆ ಕೆಲಸ ಕೊಡುತ್ತಿತ್ತು. ಅಷ್ಟೇ ಕರೆಂಟಿಗೆ ಡೇಟಾ ಸೆಂಟರ್ ಕೊಡುವುದು ಕೆಲವೇ ಕೆಲವು ಕೆಲಸ. ಊರಿಗೆ ಉದ್ಯಮ ಬಂತು ಎಂದು ರಿಬ್ಬನ್ ಕತ್ತರಿಸುವ ಮೊದಲು ಬಂದದ್ದು ಉದ್ಯಮವೋ ಬರೀ ಲೋಡೋ ಎಂದು ಕೇಳುವುದು ಒಳ್ಳೆಯದು.

ಹುಕ್ಕೇರಿಗೆ ಬಂದ ಮಾದರಿ

ಈ ಅಮೆರಿಕನ್ ಮಾದರಿ ಅರ್ಧ ಶತಮಾನದ ಹಿಂದೆಯೇ ಕರ್ನಾಟಕಕ್ಕೆ ಬಂದಿದೆ. 1969ರಲ್ಲಿ ಕೇಂದ್ರದ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿತು. ಅಮೆರಿಕದ ವಿದ್ಯುತ್ ಸಹಕಾರ ಸಂಘಗಳ ಮಹಾಮಂಡಳದ ತಜ್ಞರ ಸಲಹೆಯ ಮೇರೆಗೆ ದೇಶದ ಐದು ಕಡೆ ಪ್ರಯೋಗಕ್ಕೆಂದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳನ್ನು ಕಟ್ಟಲಾಯಿತು: ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಆಗಿನ ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ, ಮತ್ತು ಆಗಿನ ಮೈಸೂರು ರಾಜ್ಯದ ಹುಕ್ಕೇರಿ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇವತ್ತಿಗೂ ನಡೆಯುತ್ತಿದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂಗಳ ಸಾಲಿನಲ್ಲಿ ಅದಕ್ಕೂ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಪ್ರತ್ಯೇಕವಾಗಿ ದರ ಆದೇಶ ಹೊರಡಿಸುತ್ತದೆ.

ಉದ್ಯಮದ ದೃಷ್ಟಿಯಿಂದ ಐದರಲ್ಲಿ ಎದ್ದು ಕಾಣುವುದು ಸಿರಿಸಿಲ್ಲ. ಈಗ ತೆಲಂಗಾಣದಲ್ಲಿರುವ ಈ ನೇಕಾರರ ಪಟ್ಟಣದಲ್ಲಿ ಮನೆಮನೆಯ ಶೆಡ್ಡುಗಳಲ್ಲಿ ಸಾವಿರಾರು ಮಗ್ಗಗಳು ತಟಪಟ ಸದ್ದು ಮಾಡುತ್ತವೆ. ಪವರ್‌ಲೂಮಿಗೆ ಬೇಕಾದದ್ದು ನ್ಯೂಕೋರ್‌ಗೆ ಬೇಕಾದಂಥ ಭಾರಿ ಲೈನಲ್ಲ. ಸಣ್ಣ ಮೋಟರಿಗೆ ಸಾಲುವಷ್ಟು, ಆದರೆ ಕೈಕೊಡದ ಕರೆಂಟು. ಇಲ್ಲಿ ಸಂಘ ಹೊರಗಿನಿಂದ ಯಾರನ್ನೂ ಕರೆತರಲಿಲ್ಲ; ಊರಿನಲ್ಲೇ ಇದ್ದ ಕಸುಬಿಗೆ ತಂತಿ ಮುಟ್ಟಿಸಿತು. ಸಾವಿರಾರು ಸಣ್ಣ ಗಿರಾಕಿಗಳಿರುವ ಕಡೆ ಒಬ್ಬನ ನೋಟಿಸಿಗೆ ಸಂಘ ನಡುಗಬೇಕಿಲ್ಲ. ಆದರೂ ಅದು ನಿಶ್ಚಿಂತೆಯ ಜಾಗವಲ್ಲ: ಪಾಲಿಯೆಸ್ಟರ್ ಬಟ್ಟೆಗೆ ಬೇಡಿಕೆ ಕುಸಿದಾಗಲೆಲ್ಲ ಮಗ್ಗವೂ ಮೀಟರೂ ಒಟ್ಟಿಗೇ ನಿಲ್ಲುತ್ತವೆ. ಮಗ್ಗದ ಕರೆಂಟಿಗೆ ಸರ್ಕಾರದ ರಿಯಾಯಿತಿ ಇದೆ ನಿಜ. ಆ ಹಣ ಹೊತ್ತಿಗೆ ಸರಿಯಾಗಿ ಬಂದರೆ ಸರಿ.

ಮುಳಾ-ಪ್ರವರಾದ ಗತಿ ಬೇರೆಯಾಯಿತು. ಅಹ್ಮದ್‌ನಗರದ ಕಬ್ಬಿನ ಸೀಮೆಯಲ್ಲಿ ಹುಟ್ಟಿದ ಆ ಸಂಘ ರಾಜ್ಯ ವಿದ್ಯುತ್ ಕಂಪನಿಗೆ ಭಾರಿ ಬಾಕಿ ಉಳಿಸಿಕೊಂಡು 2011ರಲ್ಲಿ ಪರವಾನಗಿ ಕಳೆದುಕೊಂಡಿತು. ಅಮೆರಿಕದ ಸಂಘದ ರೈತ ಮೀಟರಿಗೆ ತಕ್ಕ ಬಿಲ್ಲು ಕಟ್ಟುತ್ತಾನೆ. ನಮ್ಮಲ್ಲಿ ಪಂಪ್‌ಸೆಟ್ಟಿನ ಕರೆಂಟು ರಾಜಕೀಯದ ಸರಕು. ಬಾವಿಯ ನೀರೆತ್ತಲು ಹೋಗುವ ಯುನಿಟ್ಟಿಗೆ ದುಡ್ಡು ಕೊಡಬೇಕಾದವರು ಸರ್ಕಾರದವರು, ಅವರು ಕೊಟ್ಟಾಗ ಸಂಘಕ್ಕೆ ಉಸಿರು. ಹಾಗಿದ್ದ ಮೇಲೆ ಕಾರ್ಖಾನೆಗೆ ಮುಂಚಿತವಾಗಿ ಸಬ್‌ಸ್ಟೇಷನ್ ಕಟ್ಟಿಡಲು, ಜಾಗ ಸಜ್ಜು ಮಾಡಲು ಬಂಡವಾಳ ಎಲ್ಲಿಂದ ಬರಬೇಕು?

ಹುಕ್ಕೇರಿ ಸಂಘಕ್ಕೂ ಕೈಗಳು ಕಟ್ಟಿವೆ. ಕರೆಂಟು ಹೊರಗಿನಿಂದ ಕೊಳ್ಳಬೇಕು, ದರ ಗೊತ್ತುಮಾಡುವುದು ಕೆಇಆರ್‌ಸಿ. ಕೈಗಾರಿಕೆಗೆ ಜಮೀನು ಕೆಐಎಡಿಬಿಯದು, ದೊಡ್ಡ ಲೈನು ಕೆಪಿಟಿಸಿಎಲ್‌ನದು. ಕೆಂಟಕಿಯಲ್ಲಿ ಒಂದೇ ಮೇಜಿನ ಸುತ್ತ ಕೂರುವವರು ಇಲ್ಲಿ ಬೇರೆ ಬೇರೆ ಕಚೇರಿಗಳಲ್ಲಿದ್ದಾರೆ. ಸುತ್ತಲಿನ ದೊಡ್ಡ ಉದ್ಯಮ ಎಂದರೆ ಸಕ್ಕರೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ ಈ ತಾಲ್ಲೂಕಿನದೇ. ಸಕ್ಕರೆ ಕಾರ್ಖಾನೆಗಳೋ ಕಬ್ಬಿನ ಸಿಪ್ಪೆ ಉರಿಸಿ ತಮ್ಮ ಕರೆಂಟನ್ನು ತಾವೇ ಮಾಡಿಕೊಳ್ಳಬಲ್ಲವು. ಉಳಿದದ್ದು ಪಂಪ್‌ಸೆಟ್ಟು, ಮನೆ, ಹಿಟ್ಟಿನ ಗಿರಣಿ, ಸಣ್ಣ ವರ್ಕ್‌ಶಾಪು.

ಹಾಗೆಂದು ಆ ಸಂಘದ ಬಗ್ಗೆ ಯಾರಿಗೂ ಆಸಕ್ತಿ ಇಲ್ಲವೆಂದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದರ ಆಡಳಿತ ಮಂಡಳಿಗೆ ನಡೆದ ಚುನಾವಣೆ ಕತ್ತಿ ಮತ್ತು ಜಾರಕಿಹೊಳಿ ರಾಜಕೀಯ ಕುಟುಂಬಗಳ ಪ್ರತಿಷ್ಠೆಯ ಕಣವಾಗಿ ರಾಜ್ಯದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಅದೇ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ, ಸುಮಾರು 250 ಎಕರೆಯ ಏಕಸ್ ವಿಶೇಷ ಆರ್ಥಿಕ ವಲಯವಿದೆ. 2009ರಿಂದ ಅಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಹೋಗುವ ಭಾಗಗಳು. ಗ್ರಾಮೀಣ ಉದ್ಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ರಾಜ್ಯದಲ್ಲಿ ಹೆಚ್ಚಿಲ್ಲ. ಬೆಳಗಾವಿಯ ಫೌಂಡ್ರಿಗಳಲ್ಲಿ, ಲೇತುಗಳಲ್ಲಿ ತಲೆಮಾರಿನಿಂದ ಪಳಗಿದ ಕೈಗಳು ಸಿಗುತ್ತವೆ, ಹೆದ್ದಾರಿ ಎದುರಿಗಿದೆ. ಕರೆಂಟಿಗೆ ಮಾತ್ರ ಆ ವಲಯ ತನ್ನದೇ ವಿತರಣಾ ಪರವಾನಗಿ ಪಡೆದುಕೊಂಡಿದೆ. ಹೀಗಾಗಿ ಕೆಇಆರ್‌ಸಿಯ ಕಡತಗಳಲ್ಲಿ ಒಂದೇ ತಾಲ್ಲೂಕಿನಿಂದ ಇಬ್ಬರು ಪರವಾನಗಿದಾರರ ಹೆಸರುಗಳಿವೆ, ಹುಕ್ಕೇರಿ ಸಂಘ ಒಂದು, ಏಕಸ್ ಇನ್ನೊಂದು. ವಿಮಾನದ ಭಾಗ ಕೊರೆಯುವ ಯಂತ್ರಗಳ ಮೀಟರು ರೈತರ ಸಂಘದ ಲೆಕ್ಕಕ್ಕೆ ಬರುವುದಿಲ್ಲ.